ಲಾಲ್‌ಬಾಗಿನ ಹೂವು, ಬದುವಿನ ಬೇವು

ಸಿನಿಮಾ ಪತ್ರಿಕೆಯಲ್ಲಿ ಹೂವು-ಗಿಡದ ಪುರಾಣವೇ ಎಂದು ಪುಟ ತಿರುವಬೇಡಿ! ಇದರಲ್ಲಿ ಅಣ್ಣಾವ್ರೂ ಇದ್ದಾರೆ, ಜಗಳವೂ ಇದೆ.

ನಮ್ಮೂರು ಮಂಗಳೂರು. ಸಮುದ್ರ, ಮೀನು, ಗೋಳಿಬಜೆ ಅಂತ ಬಾಯಲ್ಲಿ ನೀರು ತರಬೇಡಿ. ಇದು ಕೊಪ್ಪಳ ಜಿಲ್ಲೆ, ಕುಕನೂರು ಬಳಿಯ ಮಂಗಳೂರು. ನಮ್ಮಲ್ಲಿರುವುದು ಎರಿ ಹೊಲ, ಬಿಸಿಲು, ಜೋಳದ ರೊಟ್ಟಿ.

ಹುಡುಗರಾಗಿದ್ದಾಗ ನಾನೂ ನನ್ನ ದೋಸ್ತನೂ ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ನೆಲದ ಮೇಲೆ ಕೂತು 'ಬಂಗಾರದ ಮನುಷ್ಯ' ನೋಡಿದೆವು. ಸಿದ್ದಲಿಂಗಯ್ಯನವರ ಆ ಚಿತ್ರ ತೆರೆಗೆ ಬಂದದ್ದು 1972ರಲ್ಲಿ. ನಮ್ಮ ಕಡೆ ತಲುಪುವಷ್ಟರಲ್ಲಿ ಪ್ರಿಂಟಿನ ತುಂಬ ಗೀರು, ಮಳೆ ಸುರಿದಂತೆ! ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಅದು ಎರಡು ವರ್ಷ ಓಡಿತಂತೆ ಎಂದು ಕೇಳಿ ಬೆರಗಾಗಿದ್ದೆವು. ಆ ರಾತ್ರಿ ಮನೆಗೆ ನಡೆಯುತ್ತಾ ನಾನು ಮಾತು ಕೊಟ್ಟೆ: "ದೊಡ್ಡಾಂವ ಆದಮ್ಯಾಲೆ ನಿನಗ ಬೆಂಗಳೂರು ತೋರಸ್ತೀನಿ. ಲಾಲ್‌ಬಾಗೂ ತೋರಸ್ತೀನಿ."

ದೊಡ್ಡವರಾದೆವು. ಬುದ್ಧಿ ಮಾತ್ರ ಸಣ್ಣದಾಯಿತು. ನಮ್ಮಿಬ್ಬರ ಹೊಲದ ನಡುವಿನ ಬದುವಿನಲ್ಲಿ ಒಂದು ಬೇವಿನ ಗಿಡ. ಯುಗಾದಿಗೆ ಎರಡೂ ಮನೆಯ ಬೇವಿಗೆ ಅದರದೇ ಹೂವು. ಕೀಳುವವಳು ಅವನ ಅವ್ವ. ಅರ್ಧ ತನ್ನ ಮನೆಗೆ, ಅರ್ಧ ನಮ್ಮ ಮನೆಗೆ. ನೆರಳಿಗೆ ಬೆಳೆ ಏಳುವುದಿಲ್ಲ, ಗಿಡ ನನ್ನ ಪಾಲಿಗೇ ಬರುತ್ತದೆ ಎಂದು ಒಂದು ದಿನ ಅದನ್ನು ಕಡಿಸಿಬಿಟ್ಟೆ. ಮಾತು ನಿಂತಿತು. ಒಂಬತ್ತು ವರ್ಷ! ಆ ನಡುವೆ ಅವನ ಅವ್ವ ತೀರಿಕೊಂಡಳು. ನನಗೆ ಎಷ್ಟೋ ಸಲ ಉಣಿಸಿದ ತಾಯಿ. ಮಣ್ಣಿಗೆ ನಾನು ಹೋಗಲಿಲ್ಲ.

2025ರ ಜನವರಿ, ಕೊಪ್ಪಳದ ಗವಿಸಿದ್ದೇಶ್ವರ ಜಾತ್ರೆ. ಮಹಾದಾಸೋಹದಲ್ಲಿ ಪ್ರಸಾದಕ್ಕೆ ಕೂತರೆ ಪಕ್ಕದಲ್ಲೇ ಅವನು! ಏಳುವ ಹಾಗಿಲ್ಲ, ಮುಂದೆ ಪ್ರಸಾದ. ಸುಮ್ಮನೆ ಉಂಡೆವು. ಕೈ ತೊಳೆಯುವಾಗ ಅವನೇ ಅಂದ: "ಲಾಲ್‌ಬಾಗ್ ತೋರಸ್ತೀನಿ ಅಂದಿದ್ದೆಲ್ಲಲೇ, ಯಾವಾಗ ಕರಕೊಂಡು ಹೋಗಾಂವ?"

ಮಾರ್ಚ್ ಎರಡನೇ ಶನಿವಾರ ಬೆಳಗ್ಗೆ ಹಂಪಿ ಎಕ್ಸ್‌ಪ್ರೆಸ್ ನಮ್ಮನ್ನು ಬೆಂಗಳೂರಿಗೆ ಇಳಿಸಿತು. ಲಾಡ್ಜಿನ ಹುಡುಗ ಊರಿನ ಹೆಸರು ಬರೆದುಕೊಂಡು, "ಬೀಚ್ ಬಿಟ್ಟು ಇಲ್ಲಿಗೆ ಬಂದಿದೀರಲ್ಲಾ ಸಾರ್!" ಎಂದ. ನಾವಿಬ್ಬರೂ ನಕ್ಕೆವು. ಒಂಬತ್ತು ವರ್ಷದಲ್ಲಿ ಮೊದಲ ನಗು.

ಮೆಜೆಸ್ಟಿಕ್ಕಿನಿಂದ ಮೆಟ್ರೋದಲ್ಲಿ ಲಾಲ್‌ಬಾಗ್. ಗಾಜಿನ ಮನೆಯ ಮುಂದೆ ನಿಂತ ದೋಸ್ತನ ಮುಖ ಬಾಡಿತು. ಒಳಗೆ ಹೂವಿನ ಗುಡ್ಡವಿಲ್ಲ, ಹೂವಿನ ಆನೆಯಿಲ್ಲ! ಫಲಪುಷ್ಪ ಪ್ರದರ್ಶನ ನಡೆಯುವುದು ಗಣರಾಜ್ಯೋತ್ಸವಕ್ಕೆ ಒಮ್ಮೆ, ಸ್ವಾತಂತ್ರ್ಯ ದಿನಕ್ಕೆ ಒಮ್ಮೆ. ನಾನು ವಿಚಾರಿಸದೆ ಕರೆತಂದಿದ್ದೆ. "ಖಾಲಿ ಮನಿ ತೋರಸಾಕ ಇಷ್ಟು ದೂರ ತಂದಿಯೇನಲೇ?" ಎಂದ.

ಆದರೆ ಹೊರಗೆ ಬಂದು ತಲೆ ಎತ್ತಿದರೆ... ಆಹಾ! ಟಬೂಬಿಯಾ! ಒಂದು ಗುಲಾಬಿ ಬಣ್ಣ, ಇನ್ನೊಂದು ಅರಿಶಿನ ಬಳಿದಂತೆ ಹಳದಿ. "ಎಲಿ ಒಂದೂ ಇಲ್ಲಲ್ಲೋ, ಬರೇ ಹೂವ ಐತಿ!" ಎಂದು ದೋಸ್ತ ಬಾಯಿ ತೆರೆದ. ಅದು ಮಧ್ಯ, ದಕ್ಷಿಣ ಅಮೆರಿಕದ ಕಡೆಯ ಗಿಡ. ಎಲೆ ಉದುರಿಸಿ ಹೂವನ್ನೇ ಉಟ್ಟು ನಿಲ್ಲುತ್ತದೆ. 1760ರಲ್ಲಿ ಹೈದರಾಲಿ ಶುರುಮಾಡಿದ ಈ ತೋಟಕ್ಕೆ 1908ರಲ್ಲಿ ಜರ್ಮನಿಯ ಕ್ರುಂಬಿಗಲ್ ಬಂದರು. ಒಂದು ಬೀದಿಯ ಹೂವು ಮುಗಿಯುವಾಗ ಇನ್ನೊಂದು ಬೀದಿ ಅರಳಬೇಕು, ವರ್ಷವಿಡೀ ಊರು ಬರಿದಾಗಬಾರದು, ಇದು ಅವರ ಲೆಕ್ಕ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಈ ನಗರದಲ್ಲಿ ಲಕ್ಷಗಟ್ಟಲೆ ಸಸಿ ನೆಟ್ಟರು. ಯಾರೋ ನೆಟ್ಟರು, ಯಾರೋ ನೋಡುತ್ತಿದ್ದಾರೆ. ನಾನು? ಇದ್ದೊಂದು ಗಿಡವನ್ನೂ ಕಡಿಸಿದವನು.

ಸಂಜೆ ಕೆಂಪೇಗೌಡ ರಸ್ತೆಗೆ ಹೋದೆವು. ಒಂದು ಕಾಲದಲ್ಲಿ ಸಾಲುಸಾಲು ಥಿಯೇಟರುಗಳಿದ್ದ ದಾರಿ. ಹತ್ತಿರದ ಹಳೆಯ ಕಪಾಲಿಯೂ ಈಗಿಲ್ಲ. ಮುಂದೆ ಭೂಮಿಕಾ ಎಂದು ಹೆಸರಾದ ಸ್ಟೇಟ್ಸ್ ಇದೇ ಬೀದಿಯದು ಎಂದೆ. ದೋಸ್ತ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ರಾಜೀವಪ್ಪ ಬಂಡಿಗಲ್ಲಿನ ನೆಲಾನ ಬಂಗಾರ ಮಾಡಿ, ಎಲ್ಲಾ ಬಿಟ್ಟು ಹ್ವಾದ. ನಾವು ನೋಡು, ಒಂದು ಮೊಳ ಬದು ಬಿಡಲಿಲ್ಲ."

ಮರುದಿನ ಕಬ್ಬನ್ ಪಾರ್ಕು. ಅಲ್ಲಿ ಗುಲಾಬಿ ಹೂವಿನ ಕೆಳಗೆ ಫೋಟೋ ತೆಗೆಸಿಕೊಳ್ಳುವವರ ನೂಕುನುಗ್ಗಲು, ಎಲ್ಲರೂ ಹೀರೋ-ಹೀರೋಯಿನ್ನುಗಳೇ! ದೋಸ್ತ ಮಾತ್ರ ಕಾಣಲಿಲ್ಲ. ಹುಡುಕಿದರೆ ಬೇಲಿ ಬದಿಯ ಬೇವಿನ ಗಿಡದ ಕೆಳಗೆ ಕೂತಿದ್ದ. ಉದುರಿದ ಹೂವನ್ನು ಒಂದೊಂದೇ ಆರಿಸಿ ಟವೆಲ್ಲಿನ ತುದಿಗೆ ಕಟ್ಟುತ್ತಿದ್ದ, ಅವರವ್ವ ಕಟ್ಟಿಕೊಳ್ಳುತ್ತಿದ್ದ ಹಾಗೆಯೇ.

ಪಕ್ಕದಲ್ಲಿ ಕೂತೆ. "ತಪ್ಪಾತಪಾ. ಗಿಡ ಕಡಸಬಾರದಿತ್ತು" ಅಂದೆ.

ಅವನು ತಲೆ ಎತ್ತಲಿಲ್ಲ. "ಗಿಡಕ್ಕಲ್ಲಲೇ ಸಿಟ್ಟು. ಅವ್ವನ ಮಣ್ಣಿಗೆ ಬರಲಿಲ್ಲಲ್ಲ ನೀ. ಸಾಯೂ ಮುಂದ ಎರಡು ಸಲ ನಿನ್ನ ಕೇಳಿದಳು."

ಸಿನಿಮಾದಲ್ಲಾದರೆ ಇಲ್ಲಿ ಹಿನ್ನೆಲೆ ಸಂಗೀತ, ಅಪ್ಪುಗೆ, ಕಣ್ಣೀರು. ಇಲ್ಲಿ ಏನೂ ಇರಲಿಲ್ಲ. ನನ್ನ ಬಾಯಿಂದ ಮಾತೇ ಬರಲಿಲ್ಲ. ಅವನ ಜೊತೆ ನಾನೂ ಹೂವು ಆರಿಸತೊಡಗಿದೆ.

ಮಾರ್ಚ್ 30ರಂದು ಯುಗಾದಿ. ಬೆಂಗಳೂರಿನಿಂದ ತಂದ ಆ ಒಣ ಹೂವು ಎರಡೂ ಮನೆಯ ಬೇವಿಗೆ ಬಿತ್ತು. ಅವನ ಮನೆಗೆ ಹೋಗಿ, ಅವರವ್ವನ ಫೋಟೋದ ಮುಂದೆ ನಿಂತು, ಅಲ್ಲೇ ಕುಡಿದೆ. ಮಳೆಗಾಲಕ್ಕೆ ಬದುವಿನಲ್ಲಿ ಒಂದು ಸಸಿ ನೆಟ್ಟೆವು. ನಾನು ಟಬೂಬಿಯಾ ಹಾಕೋಣ, ಚಂದ ಕಾಣುತ್ತದೆ ಎಂದಿದ್ದೆ. "ನಮ್ಮ ಎರಿ ಹೊಲಕ್ಕ ಬೇವ ಸಾಕು" ಎಂದ ದೋಸ್ತ. ಅದು ಹೂ ಬಿಡಲು ಇನ್ನೂ ನಾಲ್ಕೈದು ವರ್ಷ ಬೇಕು. ನೀರು ಹಾಕಲು ಒಂದು ದಿನ ಅವನ ಪಾಳಿ, ಒಂದು ದಿನ ನನ್ನದು.