ಜೇಬಿನಲ್ಲಿ ಎರಡು ಸಾವಿರ, ಎದುರಿಗೆ ಕಡಲು!

ಮೇ ತಿಂಗಳ ಜಿಗಣಿ ಹೇಗಿರುತ್ತೆ ಅಂತ ಅಲ್ಲಿ ಕೆಲಸ ಮಾಡಿದವನನ್ನೇ ಕೇಳಬೇಕು ಸ್ವಾಮಿ! ಗ್ರಾನೈಟ್ ಕೊಯ್ಯುವ ಮಷಿನ್ನಿನ ಕಿರುಚಾಟ, ಮೂಗಿಗೆ ಬಾಯಿಗೆ ಕಲ್ಲಿನ ಧೂಳು, ತಲೆಯ ಮೇಲೆ ಕಾದ ಶೀಟು... ಅಂಥ ಒಂದು ಮಧ್ಯಾಹ್ನ ಎಪಿಸಿ ಸರ್ಕಲ್ಲಿನ ಟೀ ಅಂಗಡಿಯಲ್ಲಿ ನಮ್ಮ 'ಹೀರೋ' ಘೋಷಣೆ ಮಾಡಿಯೇಬಿಟ್ಟ: "ಲೇ, ಈ ವಾರ ಸಮುದ್ರ!"

ಹೀರೋ ಅಂದರೆ ನಮ್ಮ ರೂಮಿನವನೇ. 1987ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ 'ಒಂದು ಮುತ್ತಿನ ಕಥೆ'ಯಲ್ಲಿ ಅಣ್ಣಾವ್ರು ಕಡಲಿಗೆ ಧುಮುಕುವುದನ್ನು ಮೊಬೈಲಿನಲ್ಲಿ ನೋಡಿ ನೋಡಿ, ತಾನೂ ಮುತ್ತು ತೆಗೆಯುವವನೇ ಅಂದುಕೊಂಡಿದ್ದ. ಈಜು ಕಲಿತದ್ದು ಮಾತ್ರ ಊರ ಬಾವಿಯಲ್ಲಿ!

ಶುಕ್ರವಾರ ಮೊದಲ ಶಿಫ್ಟ್ ಮುಗಿಸಿ ಮೂವರೂ ಮೆಜೆಸ್ಟಿಕ್ ಬಸ್ಸು ಹತ್ತಿದೆವು. ಸಂಜೆ ಕಾರವಾರಕ್ಕೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ. ಕೂರಲು ಜಾಗ ಸಿಕ್ಕರೆ ನಿಮ್ಮ ಪುಣ್ಯ. ನಮಗೆ ಸಿಕ್ಕಿದ್ದು ಬಾಗಿಲ ಪಕ್ಕದ ನೆಲ. ಬೆಳಿಗ್ಗೆ ಗೋಕರ್ಣ ರೋಡ್. ಅಲ್ಲಿಂದ ಊರಿಗೆ ಇನ್ನೂ ಹತ್ತು ಕಿಲೋಮೀಟರು.

ಒಂದು ನಿಜ ಹೇಳಿಬಿಡ್ತೀನಿ. ಸೆಕೆ ತಪ್ಪಿಸಿಕೊಳ್ಳೋಕೆ ಅಂತ ಕಡಲಿಗೆ ಹೋದರೆ ಮೋಸ ಹೋಗ್ತೀರಿ! ಗಾಳಿಯಲ್ಲೇ ನೀರು ತುಂಬಿರುತ್ತೆ, ಮೈಯ ಬೆವರು ಆರೋದೇ ಇಲ್ಲ. ಆದ್ದರಿಂದ ಅಗ್ಗದ ರೂಮು ಹಿಡಿಯುವಾಗ ಬಾಡಿಗೆಗಿಂತ ಮೊದಲು ಸೂರು ನೋಡಿ. ನಮಗೆ ಎರಡು ಸಿಕ್ಕವು. ಮಹಡಿ ಮೇಲೆ ಶೀಟು ಹೊದಿಸಿದ್ದಕ್ಕೆ ಆರುನೂರು, ಹಂಚಿನ ಮನೆಯ ಹಿಂಭಾಗದ್ದಕ್ಕೆ ಎಂಟುನೂರು. ಹೀರೋಗೆ ಆರುನೂರರದ್ದೇ ಬೇಕು! ಶೀಟಿನ ಕೆಳಗೆ ಬೇಯುವುದೇ ಆದರೆ ಜಿಗಣಿ ಏನು ಪಾಪ ಮಾಡಿತ್ತು? ಹಂಚಿನ ಮನೆಯನ್ನೇ ಹಿಡಿದೆವು. ಪಾಯಿಖಾನೆ ಹೊರಗೆ, ಫ್ಯಾನು ಗೊರಗೊರ. ಆದರೆ ಕಿಟಕಿ ಪಡುವಣಕ್ಕಿತ್ತು. ಹಗಲು ನೆಲ ಬೇಗ ಕಾಯುತ್ತೆ, ನೀರು ನಿಧಾನ. ಹಾಗಾಗಿ ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಬೀಸುತ್ತೆ. ಆ ಕಿಟಕಿಯ ಗಾಳಿ ಇದೆಯಲ್ಲ, ಅದಕ್ಕೆ ಇನ್ನೂ ಇನ್ನೂರು ಕೊಡಬಹುದಿತ್ತು.

ಮಹಾಬಲೇಶ್ವರನ ದರ್ಶನ ಆಯಿತು. ಬಂಗುಡೆ ಊಟವೂ ಆಯಿತು. ಬಿಸಿಲು ಇಳಿದ ಮೇಲೆ ಕುಡ್ಲೆ ಬೀಚು.

ಅಲೆಗಳು ಬಿಳೀ ನೊರೆ ಕಟ್ಟಿ ಮುರಿಯುತ್ತಿದ್ದವು. ನಡುವೆ ಒಂದು ಕಡೆ ಮಾತ್ರ ಅಲೆಯೇ ಇಲ್ಲ, ನೀರು ಶಾಂತ. "ಇಲ್ಲೇ ಸೇಫು ಮಗಾ!" ಅಂತ ಹೀರೋ ಅಲ್ಲೇ ಇಳಿದ. ಎರಡೇ ನಿಮಿಷ... ತಲೆ ಸಣ್ಣದಾಯಿತು. ದಡದ ಕಡೆ ಕೈ ಬಡಿಯುತ್ತಾನೆ, ಹಿಂದಕ್ಕೇ ಹೋಗುತ್ತಾನೆ! ನನ್ನ ಕಾಲಲ್ಲಿ ಜೀವ ಇಲ್ಲ. ಬಲೆ ಹೊಲಿಯುತ್ತಿದ್ದ ಒಬ್ಬರು ಎದ್ದು ಓಡಿದರು. ಕೈಯಲ್ಲಿ ಹಳೇ ಟೈರಿನ ಟ್ಯೂಬು. ಅವನನ್ನು ನೇರ ದಡಕ್ಕೆ ಎಳೆಯಲಿಲ್ಲ, ದಡದುದ್ದಕ್ಕೂ ಪಕ್ಕಕ್ಕೆ ಕರೆದುಕೊಂಡು ಹೋಗಿ, ಅಲೆ ಮುರಿಯುವ ಕಡೆಯಿಂದ ಒಳಗೆ ತಂದರು.

"ದಡಕ್ಕೆ ಬಂದ ನೀರು ವಾಪಸ್ ಹೋಗೋ ದಾರಿ ಅದು ತಮ್ಮಾ. ಅದಕ್ಕೇ ಅಲ್ಲಿ ಅಲೆ ಇಲ್ಲ. ಎದುರು ಈಜಿದ್ರೆ ಸುಸ್ತಾಗ್ತದೆ, ಅಡ್ಡ ಈಜ್ಬೇಕು" ಅಂದರು. ಇನ್ನೂರು ರೂಪಾಯಿ ಕೊಡಹೋದೆ. "ಇಟ್ಕೊಳ್ಳಿ, ಅವನಿಗೊಂದು ಎಳನೀರು ಕುಡಿಸಿ" ಅಂದು ಮತ್ತೆ ಬಲೆಗೆ ಕೂತರು.

ಇದೇ ಕರಾವಳಿಯ ಮುರುಡೇಶ್ವರದಲ್ಲಿ 2024ರ ಡಿಸೆಂಬರಿನಲ್ಲಿ, ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ಕು ಹುಡುಗಿಯರು ನೀರುಪಾಲಾದರು. ಬಯಲುಸೀಮೆಯ ಮಕ್ಕಳು, ನಮ್ಮ ಹಾಗೇ. ಆ ರಾತ್ರಿ ರೂಮಿನಲ್ಲಿ ಅದೇ ನೆನಪಾಗುತ್ತಿತ್ತು. ಯಾರೂ ಮಾತಾಡಲಿಲ್ಲ, ಫ್ಯಾನು ಮಾತ್ರ ಗೊರಗೊರ.

ಅಂದ ಹಾಗೆ, ಹೋಗುವುದಿದ್ದರೆ ಮಳೆಗೆ ಮುಂಚೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಮೀನುಗಾರಿಕೆಗೆ ಇಳಿಯುವ ಹಾಗಿಲ್ಲ. ಮೇ ತಿಂಗಳಲ್ಲಾದರೆ ಅಂಕೋಲೆಯ ಕರಿ ಈಶಾಡು ಮಾವಿನಹಣ್ಣೂ ಸಿಗುತ್ತೆ. ಉಳಿದ ದುಡ್ಡಿನಲ್ಲಿ ನಾವೂ ಒಂದು ಚೀಲ ತಂದೆವು.

ಸೋಮವಾರ ಎಪಿಸಿ ಸರ್ಕಲ್ಲಿನಲ್ಲಿ ಟೀ ಅಂಗಡಿಯವರು ಕೇಳಿದರು, "ಏನಪ್ಪಾ ಹೀರೋ, ಮುತ್ತು ಸಿಕ್ತಾ?"

ಹೀರೋ ಮಾತಾಡದೆ ಚೀಲದಿಂದ ಒಂದು ಮಾವಿನಹಣ್ಣು ತೆಗೆದು ಅವರ ಕೈಗಿಟ್ಟ.