ಓದಿನ ಲೆಕ್ಕ: ಈ ಕಥೆಗೆ ಬಿಲ್ ಇದೆಯಾ?

(1)

ಹೋದ ವಾರ ಸ್ಟೋರಿಯಲ್ಲಿ ಪ್ರಶ್ನೆ ಕೇಳಿ ಅಂತ ಹಾಕಿದ್ದೆ. ಅರ್ಧಕ್ಕರ್ಧ ಜನ ಕೇಳಿದ್ದು ಒಂದೇ: "ಕಾದಂಬರಿ ಬೇಡ, ನಿಜವಾಗಿ ನಡೆದಿದ್ದರ ಪುಸ್ತಕ ಹೇಳು." ನಾನು ಓದೋದೂ ಹೆಚ್ಚಾಗಿ ಅದೇ. ಕ್ರಿಕೆಟ್, ಇತಿಹಾಸ, ಕಾಡು, ಜೈಲಿಂದ ತಪ್ಪಿಸ್ಕೊಂಡು ಓಡಿಹೋದವರ ಕಥೆ. ಹತ್ತು ಹೆಸರಿನ ಲಿಸ್ಟ್ ಹಾಕಿ ಮುಗಿಸಿಬಿಡಬಹುದಿತ್ತು. ಆದ್ರೆ ಈ ಸೆಮಿಸ್ಟರ್ ಶುರುವಾದಾಗಿಂದ "ನಿಜವಾಗಿ ನಡೆದಿದ್ದು" ಅನ್ನೋ ಮಾತೇ ನನ್ನ ತಲೆ ತಿಂತಿದೆ. ಹಾಗಾಗಿ ಲಿಸ್ಟ್ ಇಲ್ಲ, ನಾಲ್ಕು ಉದ್ದುದ್ದ ಪೋಸ್ಟ್ ಇದೆ. ಸಹಿಸ್ಕೊಳಿ.

ಇದಕ್ಕೆಲ್ಲ ಕಾರಣ ನಮ್ಮ ಆಡಿಟಿಂಗ್ ಪೇಪರ್. ಬಿ.ಕಾಂ ಮಾಡ್ತಿರೋರಿಗೆ ಗೊತ್ತು, ಅದರಲ್ಲಿ ವೌಚಿಂಗ್ ಅಂತ ಒಂದು ಚಾಪ್ಟರ್ ಬರುತ್ತೆ. ಲೆಕ್ಕದ ಪುಸ್ತಕದಲ್ಲಿ ಎಂಟ್ರಿ ಇದ್ರೆ ಸಾಲದು, ಅದರ ಹಿಂದೆ ಬಿಲ್ಲೋ ರಸೀದಿಯೋ ಇರಬೇಕು. ಅಂಗಡಿ ಮಾಲೀಕರು ಎಷ್ಟೇ ಒಳ್ಳೆಯವರಾಗಿರಲಿ, ಕೈಬರಹ ಎಷ್ಟೇ ದುಂಡಗಿರಲಿ, ಆಡಿಟರ್ ಕೇಳೋದು ಒಂದೇ ಮಾತು: ಬಿಲ್ ಎಲ್ಲಿ?

ಕಾದಂಬರಿಗೆ ಯಾರೂ ಬಿಲ್ ಕೇಳಲ್ಲ. 'ಮಲೆಗಳಲ್ಲಿ ಮದುಮಗಳು' ಓದಿ, ಗುತ್ತಿಯ ನಾಯಿ ಹುಲಿಯ ನಿಜವಾಗಿ ಇತ್ತಾ ಅಂತ ಯಾರು ಕೇಳ್ತಾರೆ? ಅದು ಸತ್ತಾಗ ಅಳ್ತೀವಿ, ಅಷ್ಟೇ. ಆದ್ರೆ ಒಬ್ಬ ಮನುಷ್ಯ "ಇದು ನನಗೆ ಆಗಿದ್ದು" ಅಂತ ಮೊದಲ ಪುಟದಲ್ಲೇ ಹೇಳಿದ್ರೆ, ಅವನು ನಮ್ಮ ಹತ್ತಿರ ಒಂದು ಸಾಲ ತಗೊಂಡ ಹಾಗೆ. ನಂಬಿಕೆಯ ಸಾಲ.

(2)

ನಮ್ಮ ಏರಿಯಾದಿಂದಲೇ ಶುರು ಮಾಡ್ತೀನಿ. ಬೆನ್ಸನ್ ಟೌನ್ ಹುಡುಗರು "ಕಂಟೋನ್ಮೆಂಟ್" ಅಂದ್ರೆ ರೈಲ್ವೆ ಸ್ಟೇಷನ್ ಅಂತಷ್ಟೇ ಅಂದ್ಕೊಂಡಿರ್ತೀವಿ. ನಮ್ಮಜ್ಜಿ ಇನ್ನೂ "ದಂಡು ಸ್ಟೇಷನ್" ಅಂತಾರೆ. ಅಜ್ಜಿದೇ ಸರಿ. ಇದು ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಊರು.

1896ರ ಅಕ್ಟೋಬರ್‌ನಲ್ಲಿ ಈ ದಂಡಿಗೆ ಒಂದು ಕುದುರೆ ಪಡೆ ಬಂತು. ಅದರಲ್ಲಿ 21 ವರ್ಷದ ಒಬ್ಬ ಲೆಫ್ಟಿನೆಂಟ್ ಇದ್ದ, ಹೆಸರು ವಿನ್‌ಸ್ಟನ್ ಚರ್ಚಿಲ್. ಬೆಳಿಗ್ಗೆ ಪರೇಡ್, ಸಂಜೆ ಪೋಲೋ, ಮಧ್ಯಾಹ್ನ ಬಿಸಿಲಿಗೆ ಎಲ್ಲರೂ ನಿದ್ದೆ. ಯೂನಿವರ್ಸಿಟಿ ಮೆಟ್ಟಿಲು ಹತ್ತದ ಇವನಿಗೆ ನನಗೆ ಏನೂ ಗೊತ್ತಿಲ್ಲವಲ್ಲ ಅನ್ನೋ ಚಿಂತೆ ಹತ್ತಿಕೊಂಡಿತು. ಅಮ್ಮನಿಗೆ ಬರೆದು ಪುಸ್ತಕ ತರಿಸ್ಕೊಂಡ. ಗಿಬ್ಬನ್ ಬರೆದ ರೋಮ್ ಸಾಮ್ರಾಜ್ಯದ ಪತನದ ಇತಿಹಾಸ ಎಂಟು ಸಂಪುಟ, ಆಮೇಲೆ ಮೆಕಾಲೆ. ದಿನಕ್ಕೆ ನಾಲ್ಕೈದು ಗಂಟೆ ಓದು. ಇದನ್ನೆಲ್ಲ 1930ರಲ್ಲಿ ಬಂದ ತನ್ನ 'ಮೈ ಅರ್ಲಿ ಲೈಫ್' ಪುಸ್ತಕದಲ್ಲಿ ಅವನೇ ಬರೆದುಕೊಂಡಿದ್ದಾನೆ. ನಾವು ಬಸ್ ಹತ್ತೋ ರಸ್ತೆಗಳ ಆಸುಪಾಸಿನಲ್ಲೇ ಕೂತು, ಹೆಚ್ಚುಕಮ್ಮಿ ನಮ್ಮ ವಯಸ್ಸಲ್ಲೇ ಒಬ್ಬ ಇಷ್ಟು ಓದಿದ್ದ ಅಂದ್ರೆ ಹೊಟ್ಟೆಕಿಚ್ಚಾಗುತ್ತೆ. (ಇದೇ ಮನುಷ್ಯ ಪ್ರಧಾನಿಯಾಗಿದ್ದಾಗಲೇ 1943ರಲ್ಲಿ ಬಂಗಾಳ ಹಸಿವಿನಿಂದ ಸತ್ತಿದ್ದು. ಅಷ್ಟೊಂದು ಇತಿಹಾಸ ಓದಿದವನು ಅನ್ನೋದನ್ನ ಆಗ ನೆನಪಿಸ್ಕೋಬೇಕು.)

ಆತ್ಮಕಥೆ ಅಂದ್ರೆ ಮಾಲೀಕನೇ ಬರೆದ ಲೆಕ್ಕ. ಹಾಗಾದ್ರೆ ಬಿಲ್? ಒಂದು ಸಣ್ಣ ಬಿಲ್ ನಮ್ಮೂರಲ್ಲೇ ಇದೆ. ಬೆಂಗಳೂರು ಕ್ಲಬ್‌ನಲ್ಲಿ ಹಳೇ ಲೆಡ್ಜರ್ ಒಂದನ್ನ ಜೋಪಾನವಾಗಿ ಇಟ್ಟಿದ್ದಾರೆ. 1899ರ ಜೂನ್ 1ರ ಪುಟ. ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿದೆ, 13 ರೂಪಾಯಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ: ಬ್ಯಾಡ್ ಡೆಟ್ಸ್ ಅಕೌಂಟ್ ಡೆಬಿಟ್, ಟು ಚರ್ಚಿಲ್ ಅಕೌಂಟ್. ಕ್ಲಾಸ್‌ಮೇಟ್ಸ್, ಇದಕ್ಕಿಂತ ಒಳ್ಳೆ ಉದಾಹರಣೆ ನಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಇದ್ರೆ ತೋರ್ಸಿ.

ಆ ಕ್ಲಬ್ಬಿನ ಗುಮಾಸ್ತನಿಗೆ ಚರ್ಚಿಲ್ ಮುಂದೆ ಏನಾಗ್ತಾನೆ ಅಂತ ಗೊತ್ತಿರಲಿಲ್ಲ. ಹೊಗಳಬೇಕು, ತೆಗಳಬೇಕು ಅಂತ ಇರಲಿಲ್ಲ. ಬಾಕಿ ಇತ್ತು, ಬರೆದ. ಅದಕ್ಕೇ ನನಗೆ ಅದರ ಮೇಲೆ ಅಷ್ಟು ನಂಬಿಕೆ.

(3)

ಈಗ ಕ್ರಿಕೆಟ್. ರಾಮಚಂದ್ರ ಗುಹಾ ಅವರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' (2002) ಓದಿದ್ದೀರಾ? ದಪ್ಪ ಇದೆ, ಇಂಗ್ಲಿಷ್, ಆದ್ರೂ ಕೈಬಿಡಬೇಡಿ. ಅದರಲ್ಲಿ ಪಲ್ವಂಕರ್ ಬಾಲೂ ಬರ್ತಾರೆ.

ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ದಲಿತ ಕುಟುಂಬ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನದಲ್ಲಿ ಪಿಚ್ ನೋಡಿಕೊಳ್ಳೋ ಕೆಲಸ ಮಾಡ್ತಾ, ನೆಟ್ಸ್‌ನಲ್ಲಿ ಸಾಹೇಬರಿಗೆ ಬೌಲ್ ಮಾಡ್ತಾ ಎಡಗೈ ಸ್ಪಿನ್ನರ್ ಆದ್ರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು. ಆದ್ರೆ ಟೀ ಬ್ರೇಕಲ್ಲಿ ಉಳಿದವರು ಪೆವಿಲಿಯನ್ ಒಳಗೆ, ಇವರು ಹೊರಗೆ, ಮಣ್ಣಿನ ಲೋಟದಲ್ಲಿ. 1911ರಲ್ಲಿ ಭಾರತದ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಹೋಯ್ತು. ತಂಡ ಸೋತು ಸುಣ್ಣ ಆಯ್ತು, ಬಾಲೂ ಒಬ್ಬರೇ 114 ವಿಕೆಟ್ ತೆಗೆದ್ರು. ಅಷ್ಟಾದ್ರೂ ಹಿಂದೂ ತಂಡದ ಕ್ಯಾಪ್ಟನ್ ಮಾಡಲಿಲ್ಲ.

ಇದನ್ನ ಯಾರಾದ್ರೂ ಸಿನಿಮಾ ಕಥೆ ಅಂತ ಹೇಳಿದ್ರೆ "ಸ್ವಲ್ಪ ಜಾಸ್ತಿ ಆಯ್ತು ಗುರು" ಅಂತಿದ್ದೆ. ಆದ್ರೆ 114ಕ್ಕೆ ಸ್ಕೋರ್‌ಕಾರ್ಡ್ ಇದೆ. ಪ್ರತಿ ವಿಕೆಟ್‌ಗೂ ಔಟಾದವನ ಹೆಸರಿದೆ, ಅಂದಿನ ಪತ್ರಿಕೆಗಳಿವೆ. ಗ್ರೇಗ್ ಅನ್ನೋ ಇಂಗ್ಲಿಷ್ ಬ್ಯಾಟ್ಸ್‌ಮನ್ ನೆಟ್ಸ್‌ನಲ್ಲಿ ತನ್ನನ್ನ ಔಟ್ ಮಾಡಿದಾಗೆಲ್ಲ ಬಾಲೂಗೆ ಎಂಟಾಣೆ ಕೊಡ್ತಿದ್ದ ಅನ್ನೋ ಕಥೆಯೂ ಇದೆ. ಅದು ಬಾಯಿಂದ ಬಾಯಿಗೆ ಬಂದಿದ್ದು. ಚೆನ್ನಾಗಿದೆ, ಹೇಳಿ, ಆದ್ರೆ ಎಂಟಾಣೆಯನ್ನ 114ರ ಪಕ್ಕದ ಕಾಲಂನಲ್ಲಿ ಬರೀಬೇಡಿ. ಬಾಲೂಗೆ ಆದ ಅನ್ಯಾಯ ನಡೆದೇ ಇಲ್ಲ ಅಂತ ವಾದ ಮಾಡೋರು ಯಾವತ್ತಾದ್ರೂ ಬರ್ತಾರೆ. ಆಗ ಕೆಲಸಕ್ಕೆ ಬರೋದು ಸ್ಕೋರ್‌ಕಾರ್ಡೇ.

(4)

ಈಗ ಫೋಟೋದಲ್ಲಿರೋ ಪುಸ್ತಕ. ತೇಜಸ್ವಿ ಕನ್ನಡಕ್ಕೆ ತಂದ 'ಮಹಾಪಲಾಯನ'. ಕವರ್ ಹರಿದಿದೆ, ಮೂಲೆಯಲ್ಲಿ ಸಾಂಬಾರ್ ಕಲೆ ಇದೆ. ಅದು ನನ್ನ ತಮ್ಮನ ಕೆಲಸ.

ಅವನು ಸೆಕೆಂಡ್ ಪಿಯು. ನಮ್ಮ ಬೀದಿ ನಿಮಗೆ ಗೊತ್ತಲ್ಲ, ಎಡಕ್ಕೆ ಉರ್ದು, ಬಲಕ್ಕೆ ತಮಿಳು, ಮಧ್ಯೆ ಇಂಗ್ಲಿಷ್. ಅವನ ಕನ್ನಡ ಅಮ್ಮನ ಜೊತೆ ಜಗಳ ಆಡೋಕೆ ಸಾಕಾಗುತ್ತೆ. ಓದು ಅಂದ್ರೆ ಈಗಲೂ ಸಾಲಿನ ಕೆಳಗೆ ಬೆರಳಿಟ್ಟೇ ಓದ್ತಾನೆ. ಅಂಥವನು ಹೋದ ಬೇಸಿಗೆಯಲ್ಲಿ ಕಾಲು ಉಳುಕಿಸ್ಕೊಂಡು ಫುಟ್‌ಬಾಲ್ ಇಲ್ಲದೆ ಮನೇಲಿ ಬಿದ್ದಿದ್ದಾಗ ಇದನ್ನ ಎತ್ಕೊಂಡ. ಆರು ದಿನದಲ್ಲಿ ಮುಗಿಸಿದ. ಜೀವನದಲ್ಲಿ ಅವನು ಪೂರ್ತಿ ಓದಿದ ಮೊದಲ ಕನ್ನಡ ಪುಸ್ತಕ.

ಓದದೇ ಇರೋರಿಗೆ ಕಥೆ: ಸ್ಲಾವೊಮಿರ್ ರಾವಿಚ್ ಅನ್ನೋ ಪೋಲಿಷ್ ಸೈನಿಕನನ್ನ ಸೋವಿಯತ್‌ನವರು ಹಿಡಿದು 25 ವರ್ಷ ಶಿಕ್ಷೆ ಕೊಟ್ಟು ಸೈಬೀರಿಯಾಕ್ಕೆ ಅಟ್ಟುತ್ತಾರೆ. 1941ರಲ್ಲಿ ಏಳು ಜನ ಹಿಮ ಸುರಿಯೋ ರಾತ್ರಿ ಕ್ಯಾಂಪಿಂದ ತಪ್ಪಿಸಿಕೊಳ್ತಾರೆ. ದಾರಿಯಲ್ಲಿ ಕ್ರಿಸ್ಟಿನಾ ಅನ್ನೋ ಹುಡುಗಿ ಸೇರ್ಕೊಳ್ತಾಳೆ. ಸುಮಾರು 6,500 ಕಿಲೋಮೀಟರ್ ನಡಿಗೆ. ಗೋಬಿ ಮರುಭೂಮಿಯಲ್ಲಿ ದಿನಗಟ್ಟಲೆ ನೀರಿಲ್ಲ, ಆಮೇಲೆ ಟಿಬೆಟ್, ಹಿಮಾಲಯ. ನಾಲ್ಕೇ ಜನ ಭಾರತ ಮುಟ್ತಾರೆ. ತಮ್ಮ ಸ್ಕೂಲಿನ ಹಳೇ ಅಟ್ಲಾಸ್ ಹುಡುಕಿ ಸೈಬೀರಿಯಾದಿಂದ ಕಲ್ಕತ್ತಾವರೆಗೆ ಕೆಂಪು ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದು ಗೋಡೆಗೆ ಅಂಟಿಸಿದ. ಅವನಿಗೆ ಹಿಡಿಸಿದ್ದು ಒಂದೇ ಕಾರಣಕ್ಕೆ, ಇದು ನಿಜ ಅನ್ನೋದು. "ಕಥೆ ಪುಸ್ತಕ ಎಲ್ಲಾ ಸುಳ್ಳು ಅಕ್ಕ, ಇದೊಂದು ನಿಜ" ಅಂತ ಬೀದಿ ಹುಡುಗರಿಗೆಲ್ಲ ಹೇಳ್ಕೊಂಡು ಬಂದ.

ಈ ಸೆಮಿಸ್ಟರಲ್ಲಿ ನಾನು ಅದರ ಬಿಲ್ ಹುಡುಕೋಕೆ ಹೋದೆ. ಮೂಲ 'ದಿ ಲಾಂಗ್ ವಾಕ್' ಬಂದಿದ್ದು 1956ರಲ್ಲಿ. ರಾವಿಚ್ ಹೇಳಿದ್ದನ್ನ ಬರೆದವನು ರೊನಾಲ್ಡ್ ಡೌನಿಂಗ್ ಅನ್ನೋ ಪತ್ರಕರ್ತ. ಅವನು ರಾವಿಚ್‌ನನ್ನ ಹುಡುಕ್ಕೊಂಡು ಹೋಗಿದ್ದೇ ಹಿಮಾಲಯದ ಯೇತಿ ಬಗ್ಗೆ ಸುದ್ದಿ ಸಿಗುತ್ತೆ ಅಂತ. ಪುಸ್ತಕದಲ್ಲಿ ಯೇತಿಯಂಥ ಎರಡು ಪ್ರಾಣಿ ಬರೋದು ಓದಿದವರಿಗೆ ನೆನಪಿರುತ್ತೆ. ಮಧ್ಯ ಏಷ್ಯಾ ಸುತ್ತಿದವರು ಆಗಲೇ ಅನುಮಾನಪಟ್ಟಿದ್ರು. ಜೊತೆಗೆ ನಡೆದ ಮಿಸ್ಟರ್ ಸ್ಮಿತ್ ಅನ್ನೋ ಅಮೆರಿಕನ್ ಯಾರು ಅಂತ ಇವತ್ತಿಗೂ ಖಚಿತವಾಗಿ ಪತ್ತೆಯಾಗಿಲ್ಲ. ರಾವಿಚ್ 2004ರಲ್ಲಿ ತೀರಿಕೊಂಡ. 2006ರಲ್ಲಿ ಬಿಬಿಸಿ ಹಳೇ ದಾಖಲೆಗಳನ್ನ ಹೊರಗೆ ತಂದಿತು, ಅದರಲ್ಲಿ ರಾವಿಚ್ ತನ್ನ ಕೈಯಾರೆ ಬರೆದಿದ್ದೂ ಇತ್ತು. ಅದರ ಪ್ರಕಾರ ಅವನು ತಪ್ಪಿಸಿಕೊಂಡಿರಲೇ ಇಲ್ಲ. 1942ರಲ್ಲಿ ಪೋಲಿಷ್ ಕೈದಿಗಳಿಗೆ ಸಿಕ್ಕ ಕ್ಷಮಾದಾನದಲ್ಲಿ ಬಿಡುಗಡೆಯಾಗಿ, ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ನಿರಾಶ್ರಿತರ ಶಿಬಿರಕ್ಕೆ ಹೋಗಿದ್ದ.

ಇದರಲ್ಲಿ ತೇಜಸ್ವಿ ಅವರನ್ನ ಎಳೀಬೇಡಿ. ಈ ದಾಖಲೆ ಬರೋ ಎಷ್ಟೋ ವರ್ಷ ಮೊದಲೇ ಅವರು ಕನ್ನಡಕ್ಕೆ ತಂದಾಗಿತ್ತು. ನನ್ನಂಥ ಎಷ್ಟೋ ಜನಕ್ಕೆ ಕೆನೆತ್ ಆಂಡರ್ಸನ್‌ನ ಕಾಡು ಪರಿಚಯ ಆಗಿದ್ದೂ ಅವರಿಂದಲೇ. ಮಹಾಪಲಾಯನದ ಗದ್ಯ ಇವತ್ತೂ ಅಷ್ಟೇ ಚೆನ್ನಾಗಿದೆ, ಕ್ರಿಸ್ಟಿನಾ ಸಾಯೋ ಪುಟ ಇವತ್ತೂ ಗಂಟಲು ಕಟ್ಟಿಸುತ್ತೆ. ಕಾದಂಬರಿ ಅಂತ ಬಂದಿದ್ರೆ ನನ್ನ ತಕರಾರು ಸೊನ್ನೆ.

ನನ್ನ ಕಷ್ಟ ಬೇರೆ. ತಮ್ಮನಿಗೆ ಹೇಳೋದಾ ಬೇಡ್ವಾ?

ಅಮ್ಮ ಅಂದ್ರು, "ಓದೋದೇ ಅಪರೂಪ, ಅವನ ಬಾಯಿಗೆ ಮಣ್ಣು ಹಾಕ್ಬೇಡ." ಅಮ್ಮನ ಮಾತಲ್ಲಿ ಸತ್ಯ ಇತ್ತು. ಮುಂದಿನ ಪುಸ್ತಕ ಅಂತ ಅವನು 'ಪ್ಯಾಪಿಲಾನ್' ತೆಗೆದಿಟ್ಟಿದ್ದ, ಅದರ ಮೇಲೂ ಇದೇ ಥರ ಅನುಮಾನಗಳಿವೆ. ಇದೂ ಹೋಗಿ ಅದೂ ಹೋದ್ರೆ ಹುಡುಗ ಮತ್ತೆ ಮೊಬೈಲಿಗೆ. ಆದ್ರೆ ಅವನು ಮೆಚ್ಚಿದ್ದೇ ನಿಜ ಅನ್ನೋ ಕಾರಣಕ್ಕೆ. ಬೇರೆ ಯಾರೋ ಎಲ್ಲರ ಮುಂದೆ ನಗಾಡೋ ಮೊದಲು ಮನೆಯವರೇ ಹೇಳೋದು ಮೇಲು ಅನ್ನಿಸ್ತು. ಒಂದು ಭಾನುವಾರ ಕೋಲ್ಸ್ ಪಾರ್ಕಿಗೆ ಕರ್ಕೊಂಡು ಹೋಗಿ, ಬೆಂಚಲ್ಲಿ ಕೂರಿಸಿ, ಎಲ್ಲಾ ಹೇಳಿದೆ. ಬಿಬಿಸಿ ವರದೀನೂ ತೋರಿಸಿದೆ.

ಅವನು ಏನೂ ಮಾತಾಡ್ಲಿಲ್ಲ. ಮನೆಗೆ ಬಂದು ಅಟ್ಲಾಸ್ ಪುಟ ಗೋಡೆಯಿಂದ ತೆಗೆದ. ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಿಲ್ಲ. ಅಮ್ಮ ನನ್ನ ಮುಖ ನೋಡಿದಾಗೆಲ್ಲ "ಹೇಳಿದ್ನಲ್ಲ" ಅನ್ನೋ ನೋಟ.

ಮೂರನೇ ದಿನ ಊಟ ಮಾಡ್ತಾ ಕೇಳಿದ: "ಅಕ್ಕ, ಅವನು ನಡೀಲಿಲ್ಲ ಸರಿ. ಆ ಕ್ಯಾಂಪಲ್ಲಿದ್ದ ಉಳಿದೋರು? ಅವರೆಲ್ಲ ಏನಾದ್ರು?"

ಇಬ್ಬರೂ ಕೂತು ಹುಡುಕಿದ್ವಿ. ಹಿಟ್ಲರ್ ಸೋವಿಯತ್ ಮೇಲೆ ಬಿದ್ದ ಮೇಲೆ ಸ್ಟಾಲಿನ್ ಪೋಲಿಷರನ್ನ ಬಿಡುಗಡೆ ಮಾಡಿದ. ಸೈನಿಕರು, ಹೆಂಗಸರು, ಮಕ್ಕಳು, ಒಟ್ಟು ಲಕ್ಷಕ್ಕೂ ಹೆಚ್ಚು ಜನ ಇರಾನಿಗೆ ಬಂದ್ರು. ಅವರಲ್ಲಿ ಸಾವಿರಾರು ಜನ ಅಲ್ಲಿಂದ ಭಾರತಕ್ಕೇ ಬಂದ್ರು! ಕೊಲ್ಲಾಪುರದ ಪಕ್ಕ ವಳಿವಡೆ ಅನ್ನೋ ಊರಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷರ ಶಿಬಿರ ಇತ್ತು. ಶಾಲೆ, ಚರ್ಚು, ಆಸ್ಪತ್ರೆ ಎಲ್ಲಾ ಇತ್ತು. ನಮ್ಮ ಬೆಳಗಾವಿಯಿಂದ ನೂರು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಸೈಬೀರಿಯಾದಿಂದ ಭಾರತಕ್ಕೆ ಬಂದವರು ನಿಜವಾಗಿ ಇದ್ರು. ಹೆಚ್ಚಿನವರು ಹೆಂಗಸರು, ಮಕ್ಕಳು, ರೈಲಲ್ಲಿ, ಹಡಗಲ್ಲಿ, ಲಾರಿಯಲ್ಲಿ ಬಂದವರು. ಯೇತಿ ಮಾತ್ರ ಸಿಕ್ಕಿರ್ಲಿಲ್ಲ. ತಮ್ಮ ಪರದೆ ನೋಡ್ತಾನೇ ಕೇಳಿದ, "ಇದಕ್ಕೆ ಬಿಲ್ ಇದೆ ತಾನೆ?" ಇದೆ ಕಣೋ ಅಂದೆ. ಶಿಬಿರದ ಫೋಟೋಗಳಿವೆ, ಅಲ್ಲಿ ಬೆಳೆದು ದೊಡ್ಡವರಾದವರು ಬರೆದಿದ್ದಿದೆ.

ಅಟ್ಲಾಸ್ ಪುಟ ವಾಪಸ್ ಗೋಡೆಗೆ ಬಂದಿದೆ. ಕೆಂಪು ಗೆರೆ ಹಾಗೇ ಇದೆ, ಪಕ್ಕದಲ್ಲಿ ನೀಲಿದೊಂದು ಎಳೆದಿದ್ದಾನೆ, ಕ್ಯಾಸ್ಪಿಯನ್, ಇರಾನ್ ದಾಟಿ ಕೊಲ್ಲಾಪುರದವರೆಗೆ. ವಳಿವಡೆ ಅಟ್ಲಾಸಲ್ಲಿ ಇಲ್ಲ, ಅವನೇ ಚುಕ್ಕೆ ಇಟ್ಟಿದ್ದಾನೆ. ರಜೆಗೆ ಹೋಗ್ಬೇಕಂತೆ, ಅಪ್ಪ ಇನ್ನೂ ಹೂಂ ಅಂದಿಲ್ಲ. ಬೆಳಗಾವಿ, ನಿಪ್ಪಾಣಿ ಕಡೆಯವರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ, ಅಲ್ಲಿಗೆ ಬಸ್ ಹೇಗೆ ಅಂತ ಕೇಳೋದಿದೆ.