ಮೂಸೆಯ ಮಾತುಗಳು

ನನ್ನ ಮೊಮ್ಮಗಳಿಗೆ ಕಾಲೇಜಿನಲ್ಲಿ ಆರ್ಥರ್ ಮಿಲ್ಲರನ ‘ದಿ ಕ್ರೂಸಿಬಲ್’ ನಾಟಕವು ಪಠ್ಯವಾಗಿತ್ತು. ಪರೀಕ್ಷೆ ಸಮೀಪಿಸಲು, ಕಠಿನಶಬ್ದಗಳ ಪಟ್ಟಿಯೊಂದನ್ನು ನನ್ನ ಮುಂದಿರಿಸಿ, “ತಾತ, ಇವಕ್ಕೆಲ್ಲ ಅರ್ಥ ಹೇಳಿಕೊಡಿ” ಎಂದಳು. ಇಂಗ್ಲಿಷ್ ಬಲ್ಲೆನೆಂಬ ಹಮ್ಮು ನನಗೂ ಉಂಟಾದ್ದರಿಂದ ಕೂಡಲೆ ಒಪ್ಪಿದೆನು.

ನಾಟಕದ ಹೆಸರೇ ಮೊದಲ ಮಾತು. ಅಕ್ಕಸಾಲಿಗನ ಮೂಸೆಯನ್ನು ಅವಳು ಕಂಡವಳಲ್ಲ. ಚಿನ್ನವು ಅದರಲ್ಲಿ ಕರಗಿ ಕಲ್ಮಷವನ್ನು ಬಿಡುವ ಬಗೆಯನ್ನು ವಿವರಿಸಿದೆನು. ‘ಗುಡಿ ನರ್ಸ್’ ಎಂಬಲ್ಲಿ ಮಾತ್ರ ಇಬ್ಬರೂ ಎಡವಿದೆವು. ನಮ್ಮ ಕಿವಿಗೆ ಅದು ಒಂದು ದೇವಸ್ಥಾನ, ಒಬ್ಬ ದಾದಿ! ಹುಡುಕಿ ನೋಡಲಾಗಿ, ‘ಗುಡಿ’ ಎಂಬುದು ಸಾಧಾರಣ ಕುಟುಂಬದ ಗೃಹಿಣಿಯರನ್ನು ಕರೆಯುತ್ತಿದ್ದ ‘ಗುಡ್‌ವೈಫ್’ ಎಂಬ ಮಾತಿನ ಮೊಟಕುರೂಪ. ನರ್ಸ್ ಎಂಬುದು ಮನೆತನದ ಹೆಸರು. ಆ ರೆಬೆಕಾ ನರ್ಸ್ ಎಪ್ಪತ್ತು ದಾಟಿದ ಮುದುಕಿ. 1692ರಲ್ಲಿ ಮಸಾಚುಸೆಟ್ಸಿನ ಸೇಲಂನಲ್ಲಿ ಮಾಟದ ಆರೋಪ ಹೊರಿಸಿ ಗಲ್ಲಿಗೇರಿಸಿದ 19 ಮಂದಿಯಲ್ಲಿ ಆಕೆಯೂ ಒಬ್ಬಳು. ಗಲ್ಲಿಗೇರಿಸಿದವರು ಮತಾಚಾರದ ಶುದ್ಧಿಯನ್ನರಸಿ ಇಂಗ್ಲೆಂಡಿನಿಂದ ಕಡಲು ದಾಟಿ ಬಂದ ಪ್ಯೂರಿಟನ್ ಪಂಥದವರು. ನಾಟಕವೇ ಪಾಪವೆಂದವರ ಮೇಲೆ ಇಂಥ ನಾಟಕ ಹುಟ್ಟಿದ್ದು ವಿನೋದವೇ ಸರಿ.

ಕಥಾನಾಯಕನಾದ ಪ್ರಾಕ್ಟರನು ದಶಾಜ್ಞೆಗಳನ್ನು ಒಪ್ಪಿಸುತ್ತ ಒಂದನ್ನು ಮರೆಯುತ್ತಾನೆ. ಹೆಂಡತಿಯೇ ಅದನ್ನು ನೆನಪಿಸಬೇಕಾಗುತ್ತದೆ. ‘ವ್ಯಭಿಚಾರ’ವೆಂದು ನಾನು ದನಿ ತಗ್ಗಿಸಿ ಹೇಳುವಷ್ಟರಲ್ಲಿ ಅವಳು ಬರೆದೇ ಮುಗಿಸಿದ್ದಳು.

‘ಕನ್‌ಫೆಷನ್’ ಎಂಬುದಕ್ಕೆ ‘ತಪ್ಪೊಪ್ಪಿಗೆ’ ಎಂದೆನು. “ತಪ್ಪನ್ನೇ ಮಾಡದವರದು?” ಎಂದು ಕೇಳಿದಳು. ಒಪ್ಪಿಕೊಂಡು ನಿಂತವರಿಗೆ ಅಲ್ಲಿ ಜೀವ ಉಳಿಯಿತು, ಗಲ್ಲಿಗೇರಿದವರು ಇಲ್ಲವೆಂದವರು. ಸಹಿ ಹಾಕಿದ ಸುಳ್ಳೊಪ್ಪಿಗೆಯನ್ನು ಪ್ರಾಕ್ಟರನು ಕಡೆಗೆ ಹರಿದೊಗೆಯುವುದು ತನ್ನ ಹೆಸರಿಗಾಗಿ. 1953ರಲ್ಲಿ ನಾಟಕವು ರಂಗವೇರಿತು. 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯೊಂದು ಮಿಲ್ಲರನನ್ನೇ ಕರೆಸಿ, ಕಮ್ಯೂನಿಸ್ಟರ ಸಭೆಗಳಲ್ಲಿ ಕಂಡವರ ಹೆಸರುಗಳನ್ನು ಕೇಳಿತು. ಅವನು ಹೇಳಲಿಲ್ಲ.

‘ವಿಚ್’ ಎಂಬ ಮಾತಿಗೆ ಬಂದಾಗ ನನ್ನ ನಾಲಗೆ ತಡೆಯಿತು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ವಿಧವೆಯೊಬ್ಬಳು ಮಜ್ಜಿಗೆ ಮಾರಿ ಜೀವಿಸುತ್ತಿದ್ದಳು. ನಾನು ಒಂಬತ್ತು ವರ್ಷದವನಿದ್ದಾಗ ಆಕೆಯ ಮರದ ಮಾವಿನಕಾಯಿಗಳನ್ನು ಕದ್ದು ತಿಂದು, ಹೊಟ್ಟೆನೋವು ಬಂದು ಮಲಗಿದೆನು. ಹಿರಿಯರು ಗದರಿಸಿ ಕೇಳಲು, ಏಟಿಗಂಜಿ, ಆ ಅಜ್ಜಿ ನನ್ನನ್ನು ದಿಟ್ಟಿಸಿ ಏನೋ ಮಣಮಣಿಸಿದಳೆಂದೆನು. ಅಷ್ಟೇ ಸಾಕಾಯಿತು. ಮರುದಿನದಿಂದ ಆಕೆಯ ಮಜ್ಜಿಗೆಯನ್ನು ಕೊಳ್ಳುವವರಿಲ್ಲ. ಮಳೆಗಾಲಕ್ಕೆ ಮುಂಚೆ ಮನೆಗೆ ಬೀಗ ಹಾಕಿ, ತಮ್ಮನ ಊರಿಗೆಂದು ಹೊರಟುಹೋದಳು. ನನಗೆ ಹೊಟ್ಟೆನೋವು ಎರಡೇ ದಿನದಲ್ಲಿ ವಾಸಿಯಾಗಿತ್ತು. ನಿಜವನ್ನು ಯಾರಲ್ಲಿಯೂ ಹೇಳಲಿಲ್ಲ.

ಮೊಮ್ಮಗಳಿಗೆ ಇದನ್ನು ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಆಕೆಯ ಹೆಸರೇನು, ತಾತ?” ಎಂದಳು.

ಕೊನೆಮನೆಯಜ್ಜಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಪಟ್ಟಿಯಲ್ಲಿ ಇನ್ನೂ ಹನ್ನೊಂದು ಮಾತುಗಳು ಉಳಿದಿದ್ದುವು.